ವಿದೇಶದಲ್ಲಿ ತಯಾರಾದ ಮೆಮೊರಿ ಕಾರ್ಡನ್ನು ಯಾವ ಆಧಾರದ ಮೇಲೆ ನಂಬಬೇಕು?

ತುಂಗಾತೀರ, ತೀರ್ಥಹಳ್ಳಿ

ನಮಸ್ಕಾರ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ಕಡೆ ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ತೆಗೆಯುವುದು ಹನ್ನೊಂದು ವರ್ಷಗಳಿಂದ ನನ್ನ ಕಸುಬು. ಕಳೆದ ತಿಂಗಳು ನಡೆದ ಒಂದು ಸಂಗತಿಯಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಅದಕ್ಕಾಗಿಯೇ ಈ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಒಂದು ಮದುವೆಗೆಂದು 128 ಜಿಬಿಯ ಹೊಸ ಎಸ್‌ಡಿ ಕಾರ್ಡನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಹೆಸರುವಾಸಿ ಬ್ರ್ಯಾಂಡಿನ ಲೇಬಲ್ ಇತ್ತು, ಪೊಟ್ಟಣವೂ ಅಚ್ಚುಕಟ್ಟಾಗಿತ್ತು, ಬೆಲೆ ಮಾತ್ರ ಬೇರೆ ಕಡೆಗಿಂತ ಸುಮಾರು ಅರ್ಧದಷ್ಟಿತ್ತು. ನನ್ನ ಕ್ಯಾಮೆರಾದಲ್ಲಿ ಕಾರ್ಡ್ ಹಾಕಲು ಒಂದೇ ಸ್ಲಾಟ್ ಇದೆ. ಬೆಳಿಗ್ಗೆ ವರಪೂಜೆಯಿಂದ ಆರಂಭಿಸಿ ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಆರತಕ್ಷತೆಯವರೆಗೆ ಎರಡು ಸಾವಿರಕ್ಕೂ ಹೆಚ್ಚು ರಾ (ಸಂಸ್ಕರಿಸದ, ದೊಡ್ಡ ಗಾತ್ರದ) ಫೋಟೊಗಳನ್ನು ತೆಗೆದೆ. ಪ್ರತಿ ಸಲವೂ ಕ್ಯಾಮೆರಾದ ಪರದೆಯ ಮೇಲೆ ಫೋಟೊ ಚೆನ್ನಾಗಿಯೇ ಕಂಡಿತು. ರಾತ್ರಿ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದಾಗ ಕಡತಗಳ ಹೆಸರೂ ಗಾತ್ರವೂ ಸಾಲಾಗಿ ಕಾಣಿಸಿಕೊಂಡವು, ಮೊದಲ ಸುಮಾರು ಒಂದು ಸಾವಿರ ಫೋಟೊಗಳು ತೊಂದರೆಯಿಲ್ಲದೆ ತೆರೆದುಕೊಂಡವು. ಆಮೇಲೆ, ಕಾಶಿಯಾತ್ರೆಗೆ ಹೊರಟ ವರನ ಕೈಗೆ ಕೊಡೆ ಕೊಡುವ ಫೋಟೊದಲ್ಲಿ ಮೇಲಿನ ಅರ್ಧ ಸರಿಯಾಗಿದ್ದು ಕೆಳಗಿನ ಅರ್ಧ ಬರೀ ಬೂದು ಬಣ್ಣದ ಪಟ್ಟಿಯಾಗಿತ್ತು. ಅಲ್ಲಿಂದ ಮುಂದೆ ಒಂದೂ ತೆರೆಯಲಿಲ್ಲ. ಧಾರೆಯ ಒಂದೇ ಒಂದು ಫೋಟೊ ನನ್ನಲ್ಲಿಲ್ಲ. ಹುಡುಗಿಯ ತಂದೆಗೆ ಇದನ್ನು ಹೇಳಲು ಅವರ ಮನೆಯ ಮೆಟ್ಟಿಲು ಹತ್ತಿದ ಆ ಬೆಳಗನ್ನು ನಾನು ಮರೆಯಲಾರೆ.

ಕಾರ್ಡಿನ ಹಿಂಬದಿಯಲ್ಲಿ "ಮೇಡ್ ಇನ್ ಚೈನಾ" ಎಂದಿದೆ. ನಮ್ಮ ಕಡೆಯ ಹಿರಿಯ ಛಾಯಾಗ್ರಾಹಕರು "ಜಪಾನಿನದ್ದನ್ನು ಬಿಟ್ಟು ಬೇರೆಯದನ್ನು ಕೊಳ್ಳಲೇಬೇಡ" ಎನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ? ತಯಾರಾದ ದೇಶವನ್ನು ನೋಡಿ ಕಾರ್ಡಿನ ಗುಣಮಟ್ಟವನ್ನು ಅಳೆಯಬಹುದೇ? ಅಳೆಯಲಾಗದಿದ್ದರೆ ಮತ್ಯಾವುದನ್ನು ನಂಬಬೇಕು? ಹಾಳಾದ ಫೋಟೊಗಳನ್ನು ಮರಳಿ ಪಡೆಯುವ ದಾರಿ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬೆಳಕುಗಿಂಡಿ, ಹುಬ್ಬಳ್ಳಿ

ನಿಮ್ಮ ಬರಹ ಓದಿ ಮನಸ್ಸಿಗೆ ನೋವಾಯಿತು. ನಾನು ರೀಲಿನ ಕಾಲದಿಂದ ಸ್ಟುಡಿಯೊ ನಡೆಸಿಕೊಂಡು ಬಂದವನು. ಜಪಾನಿನ ಕಾರ್ಡೊಂದು ನನ್ನ ಬಳಿ ಒಂಬತ್ತು ವರ್ಷಗಳಿಂದ ಇದ್ದು, ಅದರಿಂದ ಒಂದು ಫೋಟೊ ಕೂಡ ಕಳೆದುಹೋಗಿಲ್ಲ. ಆದ್ದರಿಂದ ನಿಮ್ಮ ಹಿರಿಯರ ಮಾತನ್ನು ನಾನೂ ಒಪ್ಪುತ್ತೇನೆ. ಅಗ್ಗದ ಸರಕು ಎಲ್ಲಿಂದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ ಆಗಿದೆ.

ಸಿಲಿಕಾನ್ ಪದರ, ಬೆಂಗಳೂರು

ಫ್ಲ್ಯಾಶ್ ಮೆಮೊರಿಯನ್ನು ಪರೀಕ್ಷಿಸುವ ಕೆಲಸದಲ್ಲಿ ಹದಿನೈದು ವರ್ಷ ಕಳೆದಿದ್ದೇನೆ. ಹುಬ್ಬಳ್ಳಿಯ ಹಿರಿಯರ ಅನುಭವವನ್ನು ಗೌರವಿಸುತ್ತಲೇ ಅವರ ತೀರ್ಮಾನವನ್ನು ಒಪ್ಪಲಾರೆ ಎಂದು ಹೇಳಬೇಕಾಗಿದೆ. ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಕಾರ್ಡಿನ ಮೇಲೆ ಅಚ್ಚಾದ ದೇಶದ ಹೆಸರು ಸಾಮಾನ್ಯವಾಗಿ ಕೊನೆಯ ಜೋಡಣೆ ಎಲ್ಲಿ ನಡೆಯಿತು ಎಂಬುದನ್ನಷ್ಟೇ ಹೇಳುತ್ತದೆ. ಕಾರ್ಡಿನೊಳಗೆ ಮುಖ್ಯವಾಗಿ ಎರಡು ಭಾಗಗಳಿವೆ: ದತ್ತಾಂಶವನ್ನು ಹಿಡಿದಿಡುವ ನ್ಯಾಂಡ್ ಫ್ಲ್ಯಾಶ್ ಚಿಪ್ ಒಂದು, ಅದನ್ನು ನಿರ್ವಹಿಸುವ ಕಂಟ್ರೋಲರ್ ಎಂಬ ಪುಟ್ಟ ಗಣಕ ಇನ್ನೊಂದು. ನ್ಯಾಂಡ್ ಫ್ಲ್ಯಾಶ್ ಹುಟ್ಟಿದ್ದು 1980ರ ದಶಕದಲ್ಲಿ, ಜಪಾನಿನ ತೋಷಿಬಾದಲ್ಲಿ, ಫುಜಿಯೊ ಮಸುಓಕಾ ಅವರ ತಂಡದ ಕೈಯಲ್ಲಿ. ಆ ಪರಂಪರೆಯನ್ನು ಇಂದು ಮುಂದುವರಿಸುತ್ತಿರುವುದು 2019ರಲ್ಲಿ ಹೆಸರು ಬದಲಿಸಿಕೊಂಡ ಕಿಯೋಕ್ಸಿಯಾ. ಅದರ ದೊಡ್ಡ ಕಾರ್ಖಾನೆ ಜಪಾನಿನ ಯೊಕ್ಕಾಯಿಚಿಯಲ್ಲಿದೆ ಮತ್ತು ಸ್ಯಾನ್‌ಡಿಸ್ಕ್‌ನ ಚಿಪ್‌ಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ. ಆದರೆ ಆ ಚಿಪ್ ಜಪಾನಿನಲ್ಲಿ ಹುಟ್ಟಿ, ಚೀನಾದಲ್ಲೋ ಮಲೇಷ್ಯಾದಲ್ಲೋ ಕಾರ್ಡಿನ ರೂಪ ಪಡೆದು, "ಮೇಡ್ ಇನ್ ಚೈನಾ" ಎಂಬ ಅಚ್ಚು ಹೊತ್ತು ನಮ್ಮ ಕೈ ಸೇರುವುದು ತೀರ ಸಹಜ. ಸ್ಯಾಮ್‌ಸಂಗ್ ಕೊರಿಯಾದಲ್ಲಿ ಮಾತ್ರವಲ್ಲದೆ ಚೀನಾದ ಶಿಆನ್ ನಗರದಲ್ಲಿಯೂ ಫ್ಲ್ಯಾಶ್ ತಯಾರಿಸುತ್ತದೆ; ಅಮೆರಿಕದ ಮೈಕ್ರಾನ್ ತನ್ನ ಫ್ಲ್ಯಾಶನ್ನು ಸಿಂಗಪುರದಲ್ಲಿ ತಯಾರಿಸುತ್ತದೆ. ಕಂಟ್ರೋಲರ್‌ಗಳ ವಿಷಯಕ್ಕೆ ಬಂದರೆ ತೈವಾನಿನ ಸಿಲಿಕಾನ್ ಮೋಷನ್, ಫೈಸನ್ ಮುಂತಾದ ಕಂಪನಿಗಳದ್ದು ಎಷ್ಟೋ ಬ್ರ್ಯಾಂಡುಗಳ ಒಳಗೆ ಕೆಲಸ ಮಾಡುತ್ತಿರುತ್ತವೆ. ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್‌ನ ಜೋಡಣೆ ಮತ್ತು ಪರೀಕ್ಷೆಯ ಘಟಕ 2023ರಲ್ಲಿ ಘೋಷಣೆಯಾಗಿದೆಯಲ್ಲ, ಅಲ್ಲಿಂದ ಹೊರಬರುವ ಮೆಮೊರಿಯ ಮೇಲೆ ನಮ್ಮ ದೇಶದ ಹೆಸರಿದ್ದರೂ ಒಳಗಿನ ಸಿಲಿಕಾನ್ ಬೇರೆಡೆಯಿಂದಲೇ ಬಂದಿರುತ್ತದೆ. ಹೀಗಿರುವಾಗ "ಯಾವ ದೇಶದ್ದು" ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಕಲಿ ಕಾರ್ಡು ಮಾಡುವವನು "ಮೇಡ್ ಇನ್ ಜಪಾನ್" ಎಂದು ಅಚ್ಚು ಹಾಕಲು ಹೆಚ್ಚಿನ ಖರ್ಚೇನೂ ಇಲ್ಲ.

ಬ್ರ್ಯಾಂಡಿನ ಹೆಸರೂ ಪೂರ್ತಿ ಭರವಸೆ ಕೊಡುವುದಿಲ್ಲ. ಲೆಕ್ಸಾರ್ ಎಂಬ ಹೆಸರನ್ನು ಛಾಯಾಗ್ರಾಹಕರೆಲ್ಲ ಬಲ್ಲರು. ಅದು ಮೈಕ್ರಾನ್‌ನ ಒಡೆತನದಲ್ಲಿತ್ತು. 2017ರ ಜೂನ್‌ನಲ್ಲಿ ಮೈಕ್ರಾನ್ ಆ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಹೇಳಿತು, ಅದೇ ವರ್ಷ ಶೆಂಝೆನ್ ನಗರದ ಲಾಂಗ್‌ಸಿಸ್ ಕಂಪನಿ ಆ ಹೆಸರನ್ನು ಕೊಂಡುಕೊಂಡಿತು. ಹಳೆಯ ಲೆಕ್ಸಾರ್‌ನಲ್ಲಿದ್ದ ಕೆಲವರು ಹೊರಬಂದು ಪ್ರೊಗ್ರೇಡ್ ಡಿಜಿಟಲ್ ಎಂಬ ಹೊಸ ಕಂಪನಿಯನ್ನು ಕಟ್ಟಿದರು. ಇದರಲ್ಲಿ ಯಾವುದು ಮೇಲು ಎಂದು ನಾನು ಹೇಳುತ್ತಿಲ್ಲ. ಲೇಬಲ್ ಅದೇ ಆಗಿದ್ದರೂ ಹಿಂದಿರುವ ಕೈ ಬೇರೆಯಾಗಿರಬಹುದು ಎಂಬುದಷ್ಟೇ ನನ್ನ ಮಾತು. ಸ್ಯಾನ್‌ಡಿಸ್ಕ್ ಕೂಡ 2016ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಪಾಲಾಗಿ, 2025ರಲ್ಲಿ ಮತ್ತೆ ಬೇರೆಯಾಯಿತು. ಈ ನಡುವೆ ಅದರ ಲೋಗೊ ಬದಲಾಗಿದೆ. ಆದ್ದರಿಂದ ಅಕ್ಷರದ ಮಾದರಿ ಹಳೆಯ ಕಾರ್ಡಿನಂತಿಲ್ಲ ಎಂಬ ಒಂದೇ ಕಾರಣಕ್ಕೆ ಅಸಲಿ ಕಾರ್ಡನ್ನು ನಕಲಿ ಎಂದು ತಳ್ಳಿಹಾಕಬೇಡಿ.

ಈಗ ನಿಮ್ಮ ಕಾರ್ಡಿಗೆ ಬರುತ್ತೇನೆ. ನೀವು ವಿವರಿಸಿದ ಲಕ್ಷಣಗಳು ಗಾತ್ರವನ್ನು ಸುಳ್ಳು ಹೇಳುವ ಕಾರ್ಡಿನವು. ಕಂಟ್ರೋಲರ್‌ನಲ್ಲಿರುವ ತಂತ್ರಾಂಶವನ್ನು ತಿದ್ದಿ, ಒಳಗೆ 32 ಜಿಬಿ ಇದ್ದರೂ ಕೇಳಿದವರಿಗೆಲ್ಲ 128 ಜಿಬಿ ಎಂದು ಹೇಳುವಂತೆ ಮಾಡಿರುತ್ತಾರೆ. ಕ್ಯಾಮೆರಾ ಅದನ್ನು ನಂಬುತ್ತದೆ. ಕಡತಗಳ ಹೆಸರು, ಗಾತ್ರ, ದಿನಾಂಕಗಳನ್ನು ಬರೆದಿಡುವ ಪಟ್ಟಿ ಬಹುಮಟ್ಟಿಗೆ ಕಾರ್ಡಿನ ಆರಂಭದ ಭಾಗದಲ್ಲಿ ಇರುವುದರಿಂದ ಅದು ಸುರಕ್ಷಿತವಾಗಿ ಉಳಿಯುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬಂದ ದತ್ತಾಂಶವನ್ನು ಕಾರ್ಡ್ "ಬರೆದೆ" ಎಂದು ಹೇಳಿ ಎಸೆದುಬಿಡುತ್ತದೆ. ಇನ್ನು ಕೆಲವು ನಕಲಿಗಳಲ್ಲಿ ಬರವಣಿಗೆ ಮತ್ತೆ ಮೊದಲಿಗೆ ಸುತ್ತಿ ಬಂದು ಹಳೆಯ ಫೋಟೊಗಳ ಮೇಲೆಯೇ ಬೀಳುತ್ತದೆ. ತೆಗೆದ ಕೂಡಲೇ ಪರದೆಯ ಮೇಲೆ ಕಂಡ ಫೋಟೊ ಕ್ಯಾಮೆರಾದ ತಾತ್ಕಾಲಿಕ ನೆನಪಿನಿಂದ ಬಂದದ್ದು. ಕಾರ್ಡಿಗೆ ಅದು ತಲುಪಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಫೋಟೊಗಳನ್ನು ಮರಳಿ ಪಡೆಯುವ ಬಗ್ಗೆ ಕೇಳಿದ್ದೀರಿ. ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಅಳಿಸಿಹೋದ ಫೋಟೊಗಳನ್ನು ಹುಡುಕಿಕೊಡುತ್ತವೆ, ಆದರೆ ನಿಮ್ಮ ಧಾರೆಯ ಫೋಟೊಗಳು ಆ ಕಾರ್ಡಿನಲ್ಲಿ ಒಂದು ಕ್ಷಣವೂ ಇರಲಿಲ್ಲ. ಬರೆಯದೆ ಇದ್ದದ್ದನ್ನು ಯಾರೂ ಓದಿಕೊಡಲಾರರು. ಹೀಗೆ ಹೇಳಲು ನನಗೆ ಕಷ್ಟವಾಗುತ್ತಿದೆ. ಆದರೂ ಯಾರಾದರೂ ಮರಳಿಸಿಕೊಡುತ್ತೇವೆಂದು ಸಾವಿರಗಟ್ಟಲೆ ಮುಂಗಡ ಕೇಳಿದರೆ ಕೊಡಬೇಡಿ.

ಪತ್ರಪ್ಪ ರಸ್ತೆ, ಬೆಂಗಳೂರು

ಎಸ್.ಪಿ. ರಸ್ತೆಯಲ್ಲಿ ನಮ್ಮದು ಕ್ಯಾಮೆರಾ ಸಾಮಗ್ರಿಗಳ ಸಣ್ಣ ಅಂಗಡಿ. ಮಾರುವವರ ಕಡೆಯಿಂದಲೂ ಕೆಲವು ಸಂಗತಿಗಳನ್ನು ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ಕಾರ್ಡನ್ನು ನೋಡುವ ಮೊದಲು ಪೊಟ್ಟಣದ ಮೇಲೆ ಅಂಟಿಸಿದ ಬಿಳಿ ಚೀಟಿಯನ್ನು ಓದಿ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ನಿಯಮಗಳ ಪ್ರಕಾರ ಆಮದಾದ ಸರಕಿನ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಬೇಕಾದ ಸಂಪರ್ಕ ವಿವರ ಇರಲೇಬೇಕು. ಆನ್‌ಲೈನ್ ಮಾರಾಟದ ಪುಟದಲ್ಲಿಯೂ ತಯಾರಾದ ದೇಶವನ್ನು ತೋರಿಸಬೇಕು. ಚೀಟಿಯಲ್ಲಿ ಆಮದುದಾರರ ಹೆಸರಿಲ್ಲದಿದ್ದರೆ ಆ ಕಾರ್ಡ್ ಅಸಲಿಯೇ ಆಗಿದ್ದರೂ ಅದು ಅಡ್ಡದಾರಿಯಿಂದ ಬಂದದ್ದು, ಅದಕ್ಕೆ ಇಲ್ಲಿ ವಾರಂಟಿ ಸಿಗುವ ಖಾತರಿಯಿಲ್ಲ. ಚೀಟಿ ಇದೆ ಎಂದಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ, ಚೀಟಿಯನ್ನೂ ನಕಲು ಮಾಡುತ್ತಾರೆ. ಆದರೆ ಅದರಲ್ಲಿರುವ ಆಮದುದಾರರ ಹೆಸರು ಆ ಕಂಪನಿಯ ಜಾಲತಾಣದಲ್ಲಿರುವ ಅಧಿಕೃತ ವಿತರಕರ ಪಟ್ಟಿಯಲ್ಲಿ ಇದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಆನ್‌ಲೈನಿನಲ್ಲಿ ಮತ್ತೊಂದು ಅಪಾಯವಿದೆ. ಜಾಲತಾಣ ದೊಡ್ಡದಾಗಿರಬಹುದು, ಆದರೆ ಅದರೊಳಗೆ ಮಾರುವವರು ನೂರಾರು ಜನ. ಒಬ್ಬ ಗ್ರಾಹಕ ಅಸಲಿ ಕಾರ್ಡನ್ನು ತೆಗೆದುಕೊಂಡು ಅದೇ ಪೊಟ್ಟಣದಲ್ಲಿ ನಕಲಿಯನ್ನಿಟ್ಟು ಹಿಂದಿರುಗಿಸಿದರೆ, ಸರಿಯಾಗಿ ಪರೀಕ್ಷಿಸದ ಮಾರಾಟಗಾರನಿಂದ ಅದು ಮುಂದಿನವರ ಮನೆಗೆ ಹೋಗುತ್ತದೆ. ನಮ್ಮ ಅಂಗಡಿಗೇ ಹಾಗೆ ಎರಡು ಬಾರಿ ವಾಪಸ್ ಬಂದಿವೆ. ಈಗ ಗ್ರಾಹಕರ ಎದುರಿಗೇ ಪೊಟ್ಟಣ ಕತ್ತರಿಸಿ, ಬಿಲ್ಲಿನ ಮೇಲೆ ಕಾರ್ಡಿನ ಹಿಂಬದಿಯ ಸಂಖ್ಯೆಯನ್ನು ಬರೆದುಕೊಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ.

ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಕೃತಜ್ಞತೆಗಳು. ಫೋಟೊಗಳು ಮರಳಿ ಬರುವುದಿಲ್ಲ ಎಂಬುದನ್ನು ಈಗ ಒಪ್ಪಿಕೊಂಡಿದ್ದೇನೆ. ಭೂತಗನ್ನಡಿ ಹಿಡಿದು ಕಾರ್ಡನ್ನು ಬಿಡುವಿನಲ್ಲಿ ಪರೀಕ್ಷಿಸಿದೆ. ಮುಂಬದಿಯಲ್ಲಿ ಸೆಕೆಂಡಿಗೆ 300 ಎಂಬಿ ವೇಗ, ರೋಮನ್ ಎರಡರ ಗುರುತು, ವಿ90 ಎಂಬ ಅಚ್ಚು ಇವೆ. ಹಿಂಬದಿಯಲ್ಲಿ ಚಿನ್ನದ ಬಣ್ಣದ ತಗಡುಗಳು ಒಂದೇ ಸಾಲಿನಲ್ಲಿ ಒಂಬತ್ತು. ಲೇಬಲ್ಲಿನ ಮೂಲೆ ಉಗುರಿಗೆ ಸ್ವಲ್ಪ ಏಳುತ್ತದೆ. ಕ್ರಮಸಂಖ್ಯೆ ಕಾರ್ಡಿನ ಪ್ಲಾಸ್ಟಿಕ್ಕಿನಲ್ಲಿ ಕೊರೆದದ್ದಲ್ಲ, ಶಾಯಿಯಲ್ಲಿ ಒತ್ತಿದ್ದು. ಒದ್ದೆ ಬೆರಳಿನಿಂದ ಉಜ್ಜಿದಾಗ ಒಂದು ಅಂಕಿ ಮಸುಕಾಯಿತು. ಇವುಗಳಿಂದ ಏನಾದರೂ ತಿಳಿಯುತ್ತದೆಯೇ?

ಸಿಲಿಕಾನ್ ಪದರ, ಬೆಂಗಳೂರು

ತುಂಬ ಚೆನ್ನಾಗಿ ಗಮನಿಸಿದ್ದೀರಿ. ಶಾಯಿ, ಲೇಬಲ್ಲುಗಳಿಗಿಂತ ದೊಡ್ಡ ಸಾಕ್ಷಿ ನಿಮ್ಮ ಆ ಒಂದೇ ಸಾಲು. ರೋಮನ್ ಎರಡರ ಗುರುತು ಯುಎಚ್‌ಎಸ್-2 ಎಂಬ ಸಂಪರ್ಕ ವಿಧಾನದ್ದು. ಅದರ ವೇಗದ ಮಿತಿ ಸೆಕೆಂಡಿಗೆ 312 ಎಂಬಿ, ಮತ್ತು ಆ ವೇಗಕ್ಕಾಗಿ ಕಾರ್ಡಿನ ಹಿಂಬದಿಯಲ್ಲಿ ಮೊದಲ ಸಾಲಿನ ಕೆಳಗೆ ಎರಡನೆಯ ಸಾಲು ತಗಡುಗಳು ಇರಲೇಬೇಕು. ಒಂದೇ ಸಾಲಿರುವ ಯುಎಚ್‌ಎಸ್-1 ಕಾರ್ಡಿನ ಅಧಿಕೃತ ಮಿತಿ 104 ಎಂಬಿ. ಒಂದು ಸಾಲಿನ ಕಾರ್ಡಿನ ಮೇಲೆ ಯುಎಚ್‌ಎಸ್-2ರ ಗುರುತಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಅದು ಸುಳ್ಳು.

ಬರಿಗಣ್ಣಿಗೆ ಕಾಣುವ ಇನ್ನೊಂದು ಗುರುತನ್ನೂ ಹೇಳಿಬಿಡುತ್ತೇನೆ. ಎಸ್‌ಡಿಎಚ್‌ಸಿ ಎಂಬ ಅಚ್ಚು 32 ಜಿಬಿಯವರೆಗೆ ಮಾತ್ರ, ಅದಕ್ಕಿಂತ ದೊಡ್ಡದಕ್ಕೆ 2 ಟಿಬಿಯವರೆಗೆ ಎಸ್‌ಡಿಎಕ್ಸ್‌ಸಿ ಎಂಬ ಅಚ್ಚು. 64 ಜಿಬಿ ಕಾರ್ಡಿನ ಮೇಲೆ ಎಸ್‌ಡಿಎಚ್‌ಸಿ ಎಂದಿದ್ದರೆ ಅಚ್ಚು ಹಾಕಿದವನಿಗೆ ನಿಯಮವೇ ಗೊತ್ತಿಲ್ಲ ಎಂದರ್ಥ. ಹಾಗೆಯೇ ಅಸಲಿ ಕಾರ್ಡನ್ನು ಅನುಮಾನಿಸದಿರಲು ಒಂದು ಲೆಕ್ಕ ನೆನಪಿರಲಿ: ತಯಾರಕರು ಜಿಬಿ ಎಂದಾಗ ನೂರು ಕೋಟಿ ಬೈಟ್, ವಿಂಡೋಸ್ ಎಣಿಸುವ ರೀತಿ ಬೇರೆ. ಹಾಗಾಗಿ 64 ಜಿಬಿ ಕಾರ್ಡು ಕಂಪ್ಯೂಟರಿನಲ್ಲಿ ಸುಮಾರು 59.6 ಎಂದೂ, 128 ಜಿಬಿಯದು ಸುಮಾರು 119 ಎಂದೂ ಕಾಣುತ್ತದೆ. ಇದು ಮೋಸವಲ್ಲ.

ಆದರೆ ಕಣ್ಣಿನ ಪರೀಕ್ಷೆಗೆ ಮಿತಿಯಿದೆ. "ಬನ್ನಿ" ಎಂಬ ಅಡ್ಡಹೆಸರಿನ ಆಂಡ್ರೂ ಹುವಾಂಗ್ ಎಂಬ ಎಂಜಿನಿಯರ್ 2010ರ ಆರಂಭದಲ್ಲಿ ಒಂದು ತನಿಖೆಯನ್ನು ಪ್ರಕಟಿಸಿದರು. ತಮ್ಮ ಉತ್ಪನ್ನದ ತಯಾರಿಕೆಗೆಂದು ಚೀನಾದಲ್ಲಿ ಬಂದ ಮೈಕ್ರೊಎಸ್‌ಡಿ ಕಾರ್ಡುಗಳ ಒಂದು ಕಂತು ಕೈಕೊಟ್ಟಾಗ, ಅವರು ಹೊರಗಿನ ಅಚ್ಚನ್ನಷ್ಟೇ ನೋಡದೆ ಪ್ರತಿ ಕಾರ್ಡಿನೊಳಗೆ ಸಿಐಡಿ ಎಂಬ ಗುರುತಿನ ದಾಖಲೆಯನ್ನು ಓದಿದರು, ರಾಸಾಯನಿಕದಿಂದ ಹೊದಿಕೆ ಕರಗಿಸಿ ಒಳಗಿನ ಚಿಪ್‌ಗಳನ್ನೂ ನೋಡಿದರು. ಅನುಮಾನದ ಕಾರ್ಡುಗಳಲ್ಲಿ ಕ್ರಮಸಂಖ್ಯೆಗಳು ವಿಚಿತ್ರವಾಗಿದ್ದವು, ತಯಾರಕರ ಸಂಕೇತ ಹೊಂದುತ್ತಿರಲಿಲ್ಲ. ಅದೇ ಬ್ರ್ಯಾಂಡಿನ ಅಸಲಿ ಎನಿಸಿದ ಕಾರ್ಡುಗಳ ಒಳಗೆ ಬೇರೆ ದೊಡ್ಡ ಕಂಪನಿಗಳ ಚಿಪ್‌ಗಳಿದ್ದವು. ಸಿಐಡಿ 16 ಬೈಟುಗಳ ಒಂದು ದಾಖಲೆ. ತಯಾರಕರ ಸಂಕೇತ, ಉತ್ಪನ್ನದ ಹೆಸರು, ಕ್ರಮಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ ಅದರಲ್ಲಿರುತ್ತವೆ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಇರುವ, ಕಾರ್ಡ್ ಸ್ಲಾಟ್ ನೇರವಾಗಿ ಜೋಡಣೆಯಾಗಿರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಓದಬಹುದು. ಯುಎಸ್‌ಬಿ ರೀಡರ್ ಮೂಲಕ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಸ್ಯಾನ್‌ಡಿಸ್ಕ್‌ನ ಸಂಕೇತ 03, ತೋಷಿಬಾದ್ದು 02. ಸಂಕೇತವನ್ನೂ ಸುಳ್ಳಾಗಿ ಬರೆಯಬಹುದಾದ್ದರಿಂದ ಇದೂ ಕೊನೆಯ ಮಾತಲ್ಲ.

ನಾನು ಪೂರ್ತಿಯಾಗಿ ನಂಬುವ ಪರೀಕ್ಷೆ ಒಂದೇ: ಕಾರ್ಡನ್ನು ಅಂಚಿನವರೆಗೆ ತುಂಬಿಸಿ, ತುಂಬಿಸಿದ್ದೆಲ್ಲವನ್ನೂ ಮರಳಿ ಓದಿ, ಒಂದೊಂದು ಬೈಟನ್ನೂ ಹೋಲಿಸಿ ನೋಡುವುದು. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಜರ್ಮನಿಯ ಉಚಿತ ತಂತ್ರಾಂಶವಿದೆ. ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3 ಇದೆ. ಎಫ್3 ಮೊದಲು ಒಂದೊಂದು ಜಿಬಿಯ ಕಡತಗಳಿಂದ ಕಾರ್ಡನ್ನು ತುಂಬಿಸುತ್ತದೆ, ಆಮೇಲೆ ಇನ್ನೊಂದು ಆಜ್ಞೆ ಕೊಟ್ಟಾಗ ಎಲ್ಲವನ್ನೂ ಓದಿ, ಎಷ್ಟು ಸರಿಯಿದೆ, ಎಷ್ಟು ಕಳೆದುಹೋಗಿದೆ ಎಂದು ಹೇಳುತ್ತದೆ. ಸೆಕೆಂಡಿಗೆ 60 ಎಂಬಿ ಬರೆಯುವ ಕಾರ್ಡಾದರೆ 128 ಜಿಬಿ ತುಂಬಲು ಸುಮಾರು 36 ನಿಮಿಷ ಬೇಕು. ಓದಲು ಅದಕ್ಕಿಂತ ಕಡಿಮೆ. ಹಳೆಯ ಯುಎಸ್‌ಬಿ 2 ರೀಡರ್ ಆದರೆ ಒಂದು ಸಂಜೆಯೇ ಹೋಗುತ್ತದೆ. ಹೋದರೆ ಹೋಗಲಿ. ಕಾರ್ಡ್ ಬಂದ ದಿನವೇ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ಇದನ್ನು ಮಾಡಿ. ಪರೀಕ್ಷೆ ಮುಗಿದ ನಂತರ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ. ಕಾರ್ಡಿನಲ್ಲಿ ಮೊದಲೇ ಫೋಟೊಗಳಿದ್ದರೆ ಅವನ್ನು ಬೇರೆಡೆಗೆ ನಕಲಿಸಿಕೊಳ್ಳದೆ ಪರೀಕ್ಷೆಗೆ ಕೈಹಾಕಬೇಡಿ.

ಕಾಡಂಚು, ಹುಣಸೂರು

ನಾಗರಹೊಳೆ, ಕಬಿನಿಯ ಕಡೆ ವನ್ಯಜೀವಿ ಛಾಯಾಗ್ರಹಣ ಮಾಡುವವನಾಗಿ ವೇಗದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅಸಲಿ ಕಾರ್ಡಿನ ಮೇಲೆಯೂ ದೊಡ್ಡ ಅಕ್ಷರದ ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ. 170 ಅಥವಾ 200 ಎಂಬಿ ಎಂದು ಅಚ್ಚಾದದ್ದು ಓದುವ ವೇಗ, ಅದೂ ಆ ಕಂಪನಿಯದೇ ವಿಶೇಷ ರೀಡರ್ ಇದ್ದಾಗ ಸಿಗುವ ವೇಗ. ಕ್ಯಾಮೆರಾಗೆ ಬೇಕಾದದ್ದು ಬರೆಯುವ ವೇಗ. ಯು3 ಅಥವಾ ವಿ30 ಎಂಬ ಸಣ್ಣ ಗುರುತು ಸತತವಾಗಿ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತೇನೆಂಬ ವಚನ; ವಿ60, ವಿ90 ಎಂದರೆ 60 ಮತ್ತು 90. ನಾನು ಆ ಸಣ್ಣ ಗುರುತನ್ನೇ ನೋಡಿ ಕೊಳ್ಳುತ್ತೇನೆ. ಎ1, ಎ2 ಎಂಬ ಗುರುತುಗಳು ಮೊಬೈಲಿನಲ್ಲಿ ಆ್ಯಪ್‌ಗಳನ್ನು ಓಡಿಸಲು ಸಂಬಂಧಪಟ್ಟವು, ಫೋಟೊ ತೆಗೆಯುವವರಿಗೆ ಅವುಗಳಿಂದ ಪ್ರಯೋಜನವಿಲ್ಲ.

ಹಿನ್ನೀರಿನ ದಂಡೆಯಲ್ಲಿ ಒಮ್ಮೆ ಹುಲಿ ತನ್ನ ಎರಡು ಮರಿಗಳೊಡನೆ ರಸ್ತೆ ದಾಟಿದಾಗ, ಕ್ಯಾಮೆರಾ ಇಪ್ಪತ್ತು ಫೋಟೊ ತೆಗೆದು ನಿಂತುಬಿಟ್ಟಿತು. ಕೆಂಪು ದೀಪ ಮಿನುಗುತ್ತಲೇ ಇತ್ತು, ಎರಡನೆಯ ಮರಿ ಪೊದೆಯೊಳಗೆ ಹೋಗುವವರೆಗೂ ಅದು ಆರಲಿಲ್ಲ. ಆ ಕಾರ್ಡ್ ನಕಲಿಯಾಗಿರಲಿಲ್ಲ, ಬರೆಯುವ ವೇಗ ಕಡಿಮೆಯಿತ್ತು ಅಷ್ಟೇ. ಅಂದಿನಿಂದ ಯಾವ ಹೊಸ ಕಾರ್ಡನ್ನಾದರೂ ಮನೆಯ ಅಂಗಳದಲ್ಲಿಯೇ ಕ್ಯಾಮೆರಾಗೆ ಹಾಕಿ, ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬುವವರೆಗೆ ಒತ್ತಿ ಹಿಡಿದು, ದೀಪ ಆರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುತ್ತೇನೆ.

ಕಲಿಕೆಯ ಹಾದಿ, ದಾವಣಗೆರೆ

ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ವಿದೇಶದ ಕಾರ್ಡುಗಳು ನಮ್ಮ ಫೋಟೊಗಳನ್ನು ಕದ್ದು ಬೇರೆ ದೇಶಕ್ಕೆ ಕಳುಹಿಸುತ್ತವೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ಸೂಕ್ಷ್ಮವಾದ ವರದಿಗಳಿಗೆ ಹೋಗುವವರು ಇದರ ಬಗ್ಗೆ ಚಿಂತಿಸಬೇಕೇ?

ಸಿಲಿಕಾನ್ ಪದರ, ಬೆಂಗಳೂರು

ಪ್ರಶ್ನೆಗೆ ಒಂದು ಆಧಾರವಿದೆ, ಆದರೆ ವಾಟ್ಸ್ಆ್ಯಪ್‌ನ ತೀರ್ಮಾನಕ್ಕೆ ಇಲ್ಲ. 2013ರ ಡಿಸೆಂಬರ್‌ನಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅದೇ ಹುವಾಂಗ್ ತಮ್ಮ ಸಹೋದ್ಯೋಗಿಯೊಡನೆ ಸೇರಿ, ಕೆಲವು ಕಾರ್ಡುಗಳ ಕಂಟ್ರೋಲರ್‌ನಲ್ಲಿ ತಮ್ಮದೇ ತಂತ್ರಾಂಶವನ್ನು ಓಡಿಸಬಹುದು ಎಂದು ತೋರಿಸಿದರು. ಆದ್ದರಿಂದ ಕಾರ್ಡ್ ಸುಳ್ಳು ಹೇಳಬಲ್ಲದು, ದತ್ತಾಂಶವನ್ನು ತಿದ್ದಬಲ್ಲದು. ಆದರೆ ಸಾಮಾನ್ಯ ಕಾರ್ಡಿಗೆ ಆಂಟೆನಾ ಇಲ್ಲ, ಜಾಲ ಸಂಪರ್ಕವಿಲ್ಲ. ಫೋಟೊವನ್ನು ತಾನಾಗಿ ಎಲ್ಲಿಗೂ ಕಳುಹಿಸಲಾರದು. ನಿಮ್ಮಂಥವರಿಗೆ ಹೆಚ್ಚಿನ ಅಪಾಯ ಕಾರ್ಡ್ ಬೇರೆಯವರ ಕೈಗೆ ಸಿಗುವುದರಲ್ಲಿದೆ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಹಳೆಯ ಫೋಟೊಗಳನ್ನು ಹೊರತೆಗೆಯಬಹುದು, ಹಾಗಾಗಿ ಕೊಡುವಾಗ, ಮಾರುವಾಗ, ಎಸೆಯುವಾಗ ಎಚ್ಚರ ಬೇಕು.

ಬೆಳಕುಗಿಂಡಿ, ಹುಬ್ಬಳ್ಳಿ

ಇಷ್ಟೆಲ್ಲ ಓದಿದ ಮೇಲೆ ನನ್ನ ಜಪಾನಿನ ಕಾರ್ಡನ್ನು ಹೊರತೆಗೆದು ನೋಡಿದೆ. ಅದರ ಜೊತೆಗೇ ಕೊಂಡ, ಅಷ್ಟೇ ನಂಬಿಕೆಯಿಂದ ಬಳಸುತ್ತಿದ್ದ ಇನ್ನೊಂದು ಕಾರ್ಡಿನ ಹಿಂಬದಿಯಲ್ಲಿ ಚೀನಾದ ಹೆಸರಿದೆ. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ನಾನು ಅದನ್ನು ತಿರುಗಿಸಿ ಓದಿರಲಿಲ್ಲ. ದೇಶದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತಿಗೆ ಅಂಟಿಕೊಂಡಿದ್ದೇನೆ: ಇಪ್ಪತ್ತು ವರ್ಷ ಗುರುತಿರುವ ಅಂಗಡಿಯವರಿಂದಲೇ, ಪಕ್ಕಾ ಬಿಲ್ಲಿನೊಡನೆ ಕೊಳ್ಳುತ್ತೇನೆ. ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ.

ಒಂದು ಸಂದೇಹವಿದೆ. ಹಳೆಯ ಮದುವೆಗಳ ಫೋಟೊಗಳನ್ನು ಕಾರ್ಡಿನಲ್ಲಿಯೇ ಇಟ್ಟು ಕಪಾಟಿನಲ್ಲಿ ಜೋಪಾನ ಮಾಡುವ ಅಭ್ಯಾಸ ನನಗಿದೆ. ಒಳ್ಳೆಯ ಕಾರ್ಡಾದರೆ ಅದು ಸುರಕ್ಷಿತವೇ?

ಸಿಲಿಕಾನ್ ಪದರ, ಬೆಂಗಳೂರು

ಸುರಕ್ಷಿತವಲ್ಲ, ದಯವಿಟ್ಟು ಇಂದೇ ಬೇರೆಡೆಗೆ ನಕಲಿಸಿಕೊಳ್ಳಿ. ಫ್ಲ್ಯಾಶ್ ಚಿಪ್ಪಿನಲ್ಲಿ ದತ್ತಾಂಶ ನಿಂತಿರುವುದು ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಹಾಕಿದ ವಿದ್ಯುತ್ ಆವೇಶದ ರೂಪದಲ್ಲಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಆ ಆವೇಶ ನಿಧಾನವಾಗಿ ಸೋರುತ್ತದೆ. ಸೆಕೆಗೆ ಇನ್ನೂ ಬೇಗ ಸೋರುತ್ತದೆ, ಹುಬ್ಬಳ್ಳಿಯ ಬೇಸಿಗೆಯನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಂದಿನ ಕಾರ್ಡುಗಳಲ್ಲಿ ಒಂದೇ ಕೋಶಕ್ಕೆ ಮೂರು, ಕೆಲವದರಲ್ಲಿ ನಾಲ್ಕು ಬಿಟ್‌ಗಳನ್ನು ತುಂಬುತ್ತಾರೆ, ಹಾಗಾಗಿ ಸ್ವಲ್ಪ ಸೋರಿದರೂ ಒಂದು ಮೌಲ್ಯ ಇನ್ನೊಂದಾಗಿ ಕಾಣುವ ಸಾಧ್ಯತೆ ಹೆಚ್ಚು. ಅಸಲಿ ಕಾರ್ಡಿಗೂ ಈ ಮಾತು ಅನ್ವಯಿಸುತ್ತದೆ.

ನೇತ್ರಾವತಿ ದಂಡೆ, ಮಂಗಳೂರು

ವಕೀಲಿ ವೃತ್ತಿಯಲ್ಲಿದ್ದೇನೆ. ತೀರ್ಥಹಳ್ಳಿಯವರಿಗೆ ಕಾನೂನಿನ ದಾರಿ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದರಿಂದ ಫಲ ಸಿಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮಾರಾಟಗಾರ ಎಲ್ಲಿಯೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ, ಸರಕಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ನೀವು ಕಸುಬಿಗಾಗಿ ಕೊಂಡದ್ದರಿಂದ "ವಾಣಿಜ್ಯ ಉದ್ದೇಶ" ಎಂಬ ಆಕ್ಷೇಪ ಬರಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ವಾರಂಟಿ ಚೀಟಿಗಳು ಸಾಮಾನ್ಯವಾಗಿ ಕಾರ್ಡನ್ನು ಬದಲಿಸಿಕೊಡುವ ಹೊಣೆಯನ್ನಷ್ಟೇ ಹೊರುತ್ತವೆ, ಕಳೆದುಹೋದ ಫೋಟೊಗಳ ಹೊಣೆಯನ್ನು ಹೊರುವುದಿಲ್ಲ. ಆದರೆ ನಕಲಿಯನ್ನು ಅಸಲಿ ಎಂದು ಮಾರಿದ್ದು ವಾರಂಟಿಯ ವಿಷಯವಲ್ಲ, ಅನುಚಿತ ವ್ಯಾಪಾರ ಪದ್ಧತಿಯ ವಿಷಯ. ಪೊಟ್ಟಣ, ಬಿಲ್ಲು, ಕಾರ್ಡಿನ ಎರಡೂ ಬದಿಯ ಚಿತ್ರ, ಪರೀಕ್ಷೆಯ ಫಲಿತಾಂಶ ಇವೆಲ್ಲವನ್ನೂ ತೆಗೆದಿಡಿ. ಕಾರ್ಡನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

ತುಂಗಾತೀರ, ತೀರ್ಥಹಳ್ಳಿ

ನಿಮ್ಮೆಲ್ಲರ ಮಾತಿನಂತೆ ನಡೆದುಕೊಂಡಿದ್ದೇನೆ. ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿನಲ್ಲಿ ಎಫ್3 ಹಾಕಿಸಿ ನನ್ನ ಐದೂ ಕಾರ್ಡುಗಳನ್ನು ಎರಡು ರಾತ್ರಿ ಪರೀಕ್ಷಿಸಿದೆ. ನಾಲ್ಕು ಪೂರ್ತಿ ಸರಿಯಾಗಿವೆ. ಅವುಗಳಲ್ಲಿ ಮೂರರ ಮೇಲೆ ಚೀನಾದ ಹೆಸರೇ ಇದೆ. ಮದುವೆಯ ಕಾರ್ಡಿನಲ್ಲಿ ಸರಿಯಿದ್ದದ್ದು 29.7 ಜಿಬಿ, ಕಳೆದುಹೋದದ್ದು 89.4 ಜಿಬಿ. ಆ ಪರದೆಯ ಚಿತ್ರವನ್ನೂ ಬಿಲ್ಲನ್ನೂ ಲಗತ್ತಿಸಿ ದೂರು ದಾಖಲಿಸಿದ್ದೇನೆ. ಮಾರಾಟಗಾರರು ಹಣ ಹಿಂದಿರುಗಿಸುವುದಾಗಿ ಹೇಳಿ ಕಾರ್ಡನ್ನು ಕಳುಹಿಸಲು ಕೇಳಿದ್ದಾರೆ. ವಕೀಲರ ಸಲಹೆಯಂತೆ ಅದನ್ನು ಸದ್ಯಕ್ಕೆ ಕೊಟ್ಟಿಲ್ಲ.

ಸಾಲ ಮಾಡಿಯಾದರೂ ಎರಡು ಸ್ಲಾಟ್ ಇರುವ ಕ್ಯಾಮೆರಾ ಕೊಳ್ಳಲು ನಿರ್ಧರಿಸಿದ್ದೇನೆ. ಪ್ರತಿ ಫೋಟೊವೂ ಎರಡು ಕಾರ್ಡುಗಳಿಗೆ ಒಟ್ಟಿಗೇ ಬರೆಯುವಂತೆ ಇಟ್ಟು, ಆ ಎರಡೂ ಬೇರೆ ಬೇರೆ ಬ್ರ್ಯಾಂಡಿನವು, ಬೇರೆ ಬೇರೆ ಸಮಯದಲ್ಲಿ ಕೊಂಡವು ಆಗಿರುವಂತೆ ನೋಡಿಕೊಳ್ಳುತ್ತೇನೆ. ಪರೀಕ್ಷೆಯಾದ ಕಾರ್ಡಿನ ಡಬ್ಬಿಯ ಮೇಲೆ ದಿನಾಂಕ ಬರೆಯಲು ಶುರು ಮಾಡಿದ್ದೇನೆ, ದಿನಾಂಕವಿಲ್ಲದ ಕಾರ್ಡು ಚೀಲಕ್ಕೆ ಸೇರುವುದಿಲ್ಲ.

ಮದುಮಗಳ ಮನೆಯವರ ವಿಷಯ ಹೇಳದೆ ಮುಗಿಸಲಾರೆ. ಅದೇ ಮದುವೆಯಲ್ಲಿ ವಿಡಿಯೊ ತೆಗೆದ ಗೆಳೆಯ 4ಕೆಯಲ್ಲಿ ಚಿತ್ರೀಕರಿಸಿದ್ದ. ಅದರ ಒಂದೊಂದು ಚೌಕಟ್ಟೂ ಎಂಟು ಮೆಗಾಪಿಕ್ಸೆಲ್‌ನಷ್ಟಿದೆ. ಮೂರು ದಿನ ಕುಳಿತು ಧಾರೆಯ ಹನ್ನೆರಡು ನಿಮಿಷಗಳನ್ನು ಚೌಕಟ್ಟು ಚೌಕಟ್ಟಾಗಿ ನೋಡಿ, ಕೈಗಳು ಅಲುಗಾಡದೆ ನಿಂತ ಇಪ್ಪತ್ತಾರನ್ನು ಆರಿಸಿ, 8×12 ಅಂಗುಲದ ಅಳತೆಯಲ್ಲಿ ಮುದ್ರಿಸಿದ್ದೇನೆ. ತಂದೆಯ ಬೊಗಸೆ, ಮಗಳ ಕೈ, ಮೇಲಿನಿಂದ ಬೀಳುತ್ತಿರುವ ಹಾಲು ಒಂದರಲ್ಲಿ ಸ್ಪಷ್ಟವಾಗಿ ಬಂದಿದೆ. ನಾಳೆ ಬೆಳಿಗ್ಗೆ ಅದನ್ನು ಒಯ್ದು ಕೊಡುತ್ತೇನೆ.